ನೆಗ್ಗಿಲು: ಹೊಲದಲ್ಲಿ ಗುರುತಿಸುವ ಕ್ರಮ

ನೆಗ್ಗಿಲು (ಟ್ರಿಬುಲಸ್ ಟೆರೆಸ್ಟ್ರಿಸ್) ಬಯಲುಸೀಮೆಯ ಕೆಂಪು ಮರಳುಮಿಶ್ರಿತ ಭೂಮಿ, ಬದು ಹಾಗೂ ಬೀಳುಗಳಲ್ಲಿ ಮಳೆ ಬಿದ್ದೊಡನೆ ಹುಟ್ಟುವ ಏಕವಾರ್ಷಿಕ ದೇಶೀಯ ಸಸ್ಯ. ಇದು ಮುಳ್ಳಿನ ಕಳೆಯೂ ಹೌದು, ಗೋಕ್ಷುರವೆಂಬ ಹೆಸರಿನ ಔಷಧಿಯೂ ಹೌದು. ಆದ್ದರಿಂದ ಕೀಳುವವರಿಗೂ ಸಂಗ್ರಹಿಸುವವರಿಗೂ ಸರಿಯಾದ ಗುರುತು ಅವಶ್ಯ.

ಗುರುತಿಸುವ ಲಕ್ಷಣಗಳು

1. ಕಾಂಡ: ಒಂದೇ ತಾಯಿಬೇರಿನಿಂದ ಹಲವು ರೋಮಯುಕ್ತ ಕವಲುಗಳು ಚಕ್ರಾಕಾರವಾಗಿ ನೆಲಕ್ಕೆ ಹರಡುತ್ತವೆ.
2. ಎಲೆ: ಕಡಲೆ ಎಲೆಯನ್ನು ಹೋಲುತ್ತದೆ. ಆದರೆ ಕಡಲೆಯ ಕಿರುಎಲೆಗಳ ಅಂಚು ಗರಗಸದಂತಿದ್ದರೆ, ಇದರದು ನಯವಾಗಿರುತ್ತದೆ. ಗೆಣ್ಣಿನಲ್ಲಿ ಎದುರುಬದುರಾಗಿರುವ ಎರಡು ಎಲೆಗಳಲ್ಲಿ ಒಂದು ಚಿಕ್ಕದು.
3. ಹೂವು: ಎಲೆಯ ಕಂಕುಳಲ್ಲಿ ಒಂಟಿಯಾಗಿ ಅರಳುವ, ಐದು ಎಸಳಿನ ಹಳದಿ ಹೂವು.
4. ಕಾಯಿ: ಒಣಗಿದಾಗ ಐದು ಹೋಳುಗಳಾಗಿ ಒಡೆಯುತ್ತದೆ. ಪ್ರತಿ ಹೋಳಿನಲ್ಲಿ ಎರಡು ಉದ್ದ, ಎರಡು ಗಿಡ್ಡ ಮುಳ್ಳುಗಳಿರುತ್ತವೆ.

ತಪ್ಪಾಗಿ ಭಾವಿಸಬಹುದಾದ ಗಿಡಗಳು

ಗೋಣಿಸೊಪ್ಪು: ನೆಲಕ್ಕೆ ಹರಡಿ ಹಳದಿ ಹೂ ಬಿಟ್ಟರೂ ಎಲೆ ದಪ್ಪ, ಬಿಡಿ, ಕಾಯಿಗೆ ಮುಳ್ಳಿಲ್ಲ.

ಆನೆನೆಗ್ಗಿಲು (ಪೆಡಾಲಿಯಂ ಮ್ಯುರೆಕ್ಸ್): ಎಲೆ ಬಿಡಿಯಾಗಿ, ರಸಭರಿತವಾಗಿ, ಅಂಚು ಹಲ್ಲಿನಂತಿರುತ್ತದೆ. ಹೂವು ಕೊಳವೆಯಾಕಾರ. ಕಾಯಿ ನಾಲ್ಕು ಮೂಲೆಯದು, ಹೋಳಾಗುವುದಿಲ್ಲ. ಹಸಿ ಕೊಂಬೆಯನ್ನು ನೀರಿನಲ್ಲಿ ಕಲಕಿದರೆ ನೀರು ಲೋಳೆಯಾಗುತ್ತದೆ. ಇವೆರಡನ್ನೂ ಬೆರೆಸಿ ಮಾರಬಾರದು.

ಕುರಿಗಾಹಿಗಳ ಗಮನಕ್ಕೆ

ಮೇವಿನ ಕೊರತೆಯಿಂದ ಹಸಿದ ಕುರಿಗಳು ನೆಗ್ಗಿಲನ್ನೇ, ಅದರಲ್ಲೂ ಬಾಡಿದ ಗಿಡಗಳನ್ನು, ಹೆಚ್ಚಾಗಿ ಮೇಯ್ದರೆ ಪಿತ್ತಜನಕಾಂಗ ಕೆಟ್ಟು ಬಿಸಿಲು ತಾಳದಂತಾಗಬಹುದು. ಮುಖ ಮತ್ತು ಕಿವಿ ಊದಿಕೊಂಡರೆ, ಕಣ್ಣು ಹಳದಿಯಾದರೆ ತಕ್ಷಣ ಮೇಯಿಸುವುದನ್ನು ನಿಲ್ಲಿಸಿ, ನೆರಳಿಗೆ ಕಟ್ಟಿ, ಪಶುವೈದ್ಯರನ್ನು ಸಂಪರ್ಕಿಸಿರಿ.

ನಿರ್ವಹಣೆ

ಮೊಳೆತ ಕೆಲವೇ ವಾರಗಳಲ್ಲಿ ಇದು ಹೂ ಬಿಡುತ್ತದೆ. ಮೊದಲ ಹಳದಿ ಹೂವನ್ನೇ ಎಚ್ಚರಿಕೆಯ ಗುರುತೆಂದು ತಿಳಿದು, ಕಾಯಿ ಕಟ್ಟುವ ಮೊದಲೇ ಎಡೆಕುಂಟೆ ಹಾಯಿಸಿರಿ ಅಥವಾ ತಾಯಿಬೇರನ್ನು ಕತ್ತರಿಸಿರಿ. ಕಾಯಿ ಕಟ್ಟಿದ್ದರೆ ಗಿಡವನ್ನು ಹೊಲದಲ್ಲಿ ಬಿಡದೆ, ತಿಪ್ಪೆಗೂ ಹಾಕದೆ, ಆರಿಸಿ ಸುಟ್ಟುಹಾಕಿರಿ. ಬೀಜಗಳು ಮಣ್ಣಿನಲ್ಲಿ ಹಲವು ವರ್ಷ ಜೀವ ಹಿಡಿದಿರುತ್ತವೆ. ಮುಳ್ಳುಗಳು ಟ್ರ್ಯಾಕ್ಟರ್ ಚಕ್ರ, ಎತ್ತಿನ ಗೊರಸು, ಕುರಿಯ ಉಣ್ಣೆಗೆ ಅಂಟಿ ಪಕ್ಕದ ಹೊಲ ಸೇರುವುದರಿಂದ, ಬದುಗಳನ್ನೂ ಸ್ವಚ್ಛವಾಗಿಡುವುದು ಸೂಕ್ತ.