ಮೋಟಾರು ಗಾಡಿಯ ಜೀರ್ಣೋದ್ಧಾರ

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಹೊಸದಲ್ಲ. ದೇವಾಲಯಕ್ಕೆ ಭೂಮಿಯನ್ನು ದತ್ತಿಬಿಡುವಾಗ ಅರಸರೂ ಸಾಮಂತರೂ ದೇವರ ಅಂಗಭೋಗ ರಂಗಭೋಗಗಳನ್ನು ಹೇಳಿ, ಅಷ್ಟಕ್ಕೇ ನಿಲ್ಲದೆ, ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದಕ್ಕೆಂದು ಈ ಮಾತನ್ನೂ ಸೇರಿಸಿ ಕಲ್ಲಿನಲ್ಲಿ ಕೊರೆಯಿಸುತ್ತಿದ್ದರು. ಕಟ್ಟಿದುದು ಒಂದು ದಿನ ಒಡೆಯುವುದು, ಒಡೆದುದನ್ನು ಯಾರಾದರೂ ಕೂಡಿಸಬೇಕಾಗುವುದು, ಅದಕ್ಕೂ ಹಣವೂ ಶ್ರಮವೂ ಬೇಕು ಎಂಬ ಅರಿವು ಅವರಿಗಿದ್ದಿತು. ಈ ಘನವಾದ ಮಾತನ್ನು ಎಣ್ಣೆ ಹೊಗೆಗಳ ಮೋಟಾರು ಗಾಡಿಗೆ ಅನ್ವಯಿಸಿದರೆ ಕೆಲವರು ನಗಬಹುದು. ಆದರೆ ಮನೆಯಂಗಳದಲ್ಲಿ ಹಳೆಯ ಗಾಡಿಯೊಂದನ್ನು ಬಿಚ್ಚಿ ಮತ್ತೆ ಕೂಡಿಸಲು ಹೊರಟವನಿಗೆ ಎದುರಾಗುವ ಪ್ರಶ್ನೆಯೂ ಗುಡಿಯ ಜೀರ್ಣೋದ್ಧಾರಕ್ಕೆ ಹೊರಟವನಿಗೆ ಎದುರಾಗುವ ಪ್ರಶ್ನೆಯೂ ಒಂದೇ: ಇದ್ದುದನ್ನು ಇದ್ದಂತೆ ಉಳಿಸಬೇಕೆ, ಅಥವಾ ಇಂದಿನ ಕಾಲಕ್ಕೆ ಒಗ್ಗುವಂತೆ ಉತ್ತಮಪಡಿಸಬೇಕೆ? ಈ ಪ್ರಶ್ನೆಯನ್ನು ನಾವು ಒಂದೇ ಗಾಡಿಯ ಚರಿತ್ರೆಯನ್ನು ಹಿಡಿದು ವಿಚಾರಿಸಲು ಬಯಸುತ್ತೇವೆ. ಆ ಗಾಡಿ ಫಿಯಟ್ 1100; ಮುಂದೆ ಪ್ರೀಮಿಯರ್ ಪದ್ಮಿನಿಯೆಂದು ಮನೆಮಾತಾದುದು.

ಈ ಗಾಡಿಯನ್ನೇ ಆರಿಸಿಕೊಳ್ಳಲು ಕಾರಣವುಂಟು. ಇದನ್ನು ನಮ್ಮ ದೇಶದಲ್ಲಿ ತಯಾರಿಸಿದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯ ಸ್ಥಾಪಕರಾದ ವಾಲಚಂದ್ ಹೀರಾಚಂದರು ನಮ್ಮ ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದವರು. ಸಿದ್ಧರಾಮನು ಕೆರೆಯನ್ನು ಕಟ್ಟಿಸಿದ ಊರಿನಲ್ಲಿ ಹುಟ್ಟಿದ ಈ ಉದ್ಯಮಿಗೆ ಹಡಗು, ವಿಮಾನ, ಮೋಟಾರು ಈ ಮೂರನ್ನೂ ಭಾರತದಲ್ಲಿಯೇ ಕಟ್ಟಬೇಕೆಂಬ ಹಂಬಲವಿದ್ದಿತು. 1940ರಲ್ಲಿ ಮೈಸೂರು ಸರ್ಕಾರದ ಸಹಕಾರದಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಆರಂಭಿಸಿದವರೂ ಇವರೇ. ಮೋಟಾರಿನ ವಿಷಯದಲ್ಲಿ ಅದಕ್ಕೂ ಮೊದಲೇ ಕನ್ನಡಿಗರೊಬ್ಬರು ದಾರಿ ಹುಡುಕಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ, ಅಲ್ಲಿಯ ಕಾರ್ಖಾನೆಗಳನ್ನು ಕಂಡು, ಭಾರತದಲ್ಲೊಂದು ಮೋಟಾರು ಕಾರ್ಖಾನೆಯ ಯೋಜನೆಯನ್ನು ಸಿದ್ಧಪಡಿಸಿದರು. ಪರಕೀಯ ಸರ್ಕಾರದ ಬೆಂಬಲ ದೊರೆಯದೆ ಅದು ಕಾಗದದಲ್ಲಿಯೇ ಉಳಿಯಿತು. ವಾಲಚಂದರು ಆ ಹಂಬಲವನ್ನು ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಸಂಸ್ಥೆ ಹುಟ್ಟಿತು. ಮುಂಬಯಿಯ ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕ್ರೈಸ್ಲರ್ ಸಂಸ್ಥೆಯ ಗಾಡಿಗಳೂ ಬಳಿಕ ಇಟಲಿಯ ಫಿಯಟ್ ಗಾಡಿಗಳೂ ಜೋಡಣೆಗೊಂಡವು. 1953ರ ಮಾರ್ಚಿಯಲ್ಲಿ ಜಿನೀವಾದ ಪ್ರದರ್ಶನದಲ್ಲಿ ಫಿಯಟ್ ಸಂಸ್ಥೆಯವರು ತಮ್ಮ ಹೊಸ 1100 ಗಾಡಿಯನ್ನು ಲೋಕಕ್ಕೆ ತೋರಿಸಿದರು. ಮರುತಿಂಗಳೇ ವಾಲಚಂದರು ತೀರಿಕೊಂಡರು. ತಮ್ಮ ಸಂಸ್ಥೆಗೆ ಅರ್ಧ ಶತಮಾನದ ಅನ್ನವಿಡಲಿದ್ದ ಗಾಡಿ ಭಾರತದ ರಸ್ತೆಗಿಳಿಯುವುದನ್ನು ಅವರು ಕಾಣಲಿಲ್ಲ.

1954ರಲ್ಲಿ ಅದು ಇಲ್ಲಿ ಕಾಣಿಸಿಕೊಂಡಿತು. ಇಟಲಿಯ ಮಾತಿನಲ್ಲಿ ‘ಮಿಲ್ಲೆಚೆಂಟೊ’ ಎಂದರೆ ಸಾವಿರದ ನೂರು. ಎಂಜಿನಿನ ಗಾತ್ರ 1089 ಘನ ಸೆಂಟಿಮೀಟರು. ಮೊದಲಿನ ಗಾಡಿಗಳ ಮುಂಬಾಗಿಲುಗಳು ಹಿಂದುಗಡೆಯ ಕೀಲಿನ ಮೇಲೆ ತೆರೆಯುತ್ತಿದ್ದವು. ಎಲಿಗೆಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಂದು ಹೆಸರುಗಳು ಬದಲಾದವು. 1964ರ ಹೊತ್ತಿಗೆ ಡಿಲೈಟ್ ಬಂದಿತು. 1974ರಲ್ಲಿ ಪದ್ಮಿನಿಯೆಂಬ ನಾಮಕರಣವಾಯಿತು. ಹೆಸರು ಎಷ್ಟು ಬದಲಾದರೂ ಒಳಗಿನ ಯಂತ್ರ ಬಹುಮಟ್ಟಿಗೆ ಅದೇ. ಇಟಲಿಯವರು 1969ರಲ್ಲಿಯೇ ಈ ಗಾಡಿಗೆ ವಿದಾಯ ಹೇಳಿದರೆ, ನಾವು ಅದನ್ನು ಹೊಸ ಶತಮಾನದ ಹೊಸ್ತಿಲಿನವರೆಗೂ ತಯಾರಿಸುತ್ತಲೇ ಹೋದೆವು.

ಇದಕ್ಕೆ ಕಾರಣ ಪ್ರೀತಿಯಲ್ಲ, ಅಭಾವ. ಸ್ವಾತಂತ್ರ್ಯಾನಂತರ ವಿದೇಶೀ ವಿನಿಮಯದ ಮುಗ್ಗಟ್ಟಿನಿಂದ ಗಾಡಿಗಳ ಆಮದು ನಿಂತುಹೋಯಿತು. ಬಿಡಿಭಾಗಗಳನ್ನು ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದ ಅಮೆರಿಕದ ದೊಡ್ಡ ಸಂಸ್ಥೆಗಳು, 1953ರ ಟ್ಯಾರಿಫ್ ಕಮಿಷನ್ನಿನ ವರದಿಯ ತರುವಾಯ, ಗಂಟು ಕಟ್ಟಿಕೊಂಡು ಹೊರಟವು. ಉಳಿದ ಕೆಲವೇ ಕಾರ್ಖಾನೆಗಳು ಎಷ್ಟು ಗಾಡಿ ಮಾಡಬೇಕೆಂಬುದನ್ನೂ ಸರ್ಕಾರವೇ ನಿಶ್ಚಯಿಸುತ್ತಿದ್ದಿತು. ಹೊಸ ಗಾಡಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಆದುದರಿಂದ ಕೈಯಲ್ಲಿದ್ದ ಹಳೆಯದನ್ನು ಸಾಯಗೊಡುವಂತಿರಲಿಲ್ಲ. ವೈದ್ಯರೂ ವಕೀಲರೂ ಅಡತಿಯ ವ್ಯಾಪಾರಿಗಳೂ ಭಾನುವಾರ ಅಂಗಿಯ ತೋಳು ಮಡಚಿ ಕಾರ್ಬುರೇಟರು ತೊಳೆಯಲು ಕಲಿತುದು ಈ ಕಾಲದಲ್ಲಿ. ಬೇವಿನ ಮರದ ನೆರಳಿನ ಗ್ಯಾರೇಜುಗಳಲ್ಲಿ, ಶಾಲೆಯ ಮೆಟ್ಟಿಲು ಹತ್ತದ ಹುಡುಗರು ಉಸ್ತಾದರ ಕೈಕೆಳಗೆ ದುಡಿದು, ಎಂಜಿನಿನ ಸದ್ದನ್ನು ಕೇಳಿಯೇ ವಾಲ್ವಿನ ಸಂದು ಹೆಚ್ಚಾಗಿದೆಯೆಂದು ಹೇಳುವಷ್ಟು ಪಳಗಿದರು. ಪಶ್ಚಿಮದಲ್ಲಿ ಹವ್ಯಾಸವಾಗಿ ಬೆಳೆದ ವಿದ್ಯೆ ನಮ್ಮಲ್ಲಿ ಬದುಕಿನ ಅಗತ್ಯವಾಗಿ ಬೆಳೆಯಿತೆಂಬುದನ್ನು ಚರಿತ್ರೆ ಬರೆಯುವವರು ಮರೆಯಬಾರದು.

1983ರ ಡಿಸೆಂಬರಿನಲ್ಲಿ ಮಾರುತಿ ಗಾಡಿ ಬಂದ ಮೇಲೆ ಕಾಲ ಬದಲಾಯಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಕಟ್ಟು ಸಡಿಲವಾಯಿತು. ಅನಿವಾರ್ಯವಾಗಿದ್ದ ಪದ್ಮಿನಿ ಮೊದಲು ಟ್ಯಾಕ್ಸಿಯಾಗಿಯೂ ಆಮೇಲೆ ನೆನಪಾಗಿಯೂ ಉಳಿಯಿತು. ಮುಂಬಯಿಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕಡೆಯದು, ಇಪ್ಪತ್ತು ವರ್ಷದ ವಯೋಮಿತಿ ಮುಗಿದು, 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ನಿವೃತ್ತವಾಯಿತು. ಈಗ ಈ ಗಾಡಿಯನ್ನು ಮನೆಯಲ್ಲಿ ರಿಪೇರಿ ಮಾಡುವವನು ಅಭಾವದಿಂದ ಮಾಡುವವನಲ್ಲ. ತಂದೆಯ ಗಾಡಿಯೆಂದೋ, ಕೈಕೆಲಸದ ಸುಖಕ್ಕೆಂದೋ ಮಾಡುತ್ತಾನೆ. ಆದುದರಿಂದಲೇ ಅವನ ಹೊಣೆ ಹೆಚ್ಚು. ಹಿಂದಿನವನು ಗಾಡಿ ನಡೆದರೆ ಸಾಕೆಂದ. ಇಂದಿನವನು ಏನನ್ನು ಉಳಿಸುತ್ತಿದ್ದೇನೆಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು.

ಮೊದಲಿಗೆ ತುಕ್ಕಿನ ಮಾತು. ಈ ಗಾಡಿಗೆ ಲಾರಿಗಿರುವಂತೆ ಪ್ರತ್ಯೇಕವಾದ ಉಕ್ಕಿನ ಚೌಕಟ್ಟಿಲ್ಲ. ತಗಡಿನ ಮೈಯೇ ಭಾರ ಹೊರುವ ಎಲುಬು. ಬಾಗಿಲ ಕೆಳಗಿನ ಪಟ್ಟಿಯಲ್ಲಿಯೂ ಕಾಲಿಡುವ ನೆಲದಲ್ಲಿಯೂ ನೀರು ನಿಂತು ತುಕ್ಕು ತಿಂದರೆ ಕೆಡುವುದು ಅಂದವೊಂದೇ ಅಲ್ಲ, ಗಾಡಿಯ ಬೆನ್ನೆಲುಬು. ಅದನ್ನು ಪುಟ್ಟಿ ಮೆತ್ತಿ ಬಣ್ಣ ಬಳಿದು ಮುಚ್ಚುವುದು ವಂಚನೆಯೇ ಸರಿ. ಕೊಳೆತ ತಗಡನ್ನು ಕತ್ತರಿಸಿ ಗಟ್ಟಿ ತಗಡನ್ನು ವೆಲ್ಡಿಂಗು ಮಾಡಬೇಕು. ಆದರೆ ಕತ್ತರಿಸುವುದಕ್ಕೆ ಮುಂಚೆ ಬಾಗಿಲ ಚೌಕದೊಳಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ಬಿಗಿದು ಮೈಯನ್ನು ಆತುಕೊಳ್ಳಬೇಕು. ಇಲ್ಲದಿದ್ದರೆ ಗಾಡಿ ನಡುವಿನಲ್ಲಿ ಜಗ್ಗಿ, ಬಾಗಿಲುಗಳು ಮತ್ತೆಂದೂ ಸರಿಯಾಗಿ ಮುಚ್ಚವು. ಕಂಬ ಬದಲಿಸುವ ಮೊದಲು ತೊಲೆಗೆ ಆಸರೆ ಕೊಡುವ ನಮ್ಮ ಬಡಗಿಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಸುಧಾರಣೆಯ ವಿಚಾರ. ಕೆಲವು ಸುಧಾರಣೆಗಳನ್ನು ನಾವು ಸಂಕೋಚವಿಲ್ಲದೆ ಒಪ್ಪುತ್ತೇವೆ. ಮೊದಲನೆಯದು ಬ್ರೇಕು. ಹಳೆಯ ಗಾಡಿಯ ನಾಲ್ಕು ಗಾಲಿಗಳಿಗೂ ಬ್ರೇಕಿನ ಎಣ್ಣೆ ಹರಿಯುವುದು ಒಂದೇ ದಾರಿಯಿಂದ. ಎಲ್ಲಿಯಾದರೂ ಒಂದು ಕೊಳವೆ ಒಡೆದರೆ ನಾಲ್ಕು ಗಾಲಿಗಳೂ ಒಮ್ಮೆಗೇ ಕೈಬಿಡುತ್ತವೆ. ಎರಡು ಕೋಣೆಗಳ ಮಾಸ್ಟರ್ ಸಿಲಿಂಡರನ್ನು ಅಳವಡಿಸಿ ಮುಂದಿನ ದಾರಿಯನ್ನೂ ಹಿಂದಿನ ದಾರಿಯನ್ನೂ ಬೇರ್ಪಡಿಸಿದರೆ, ಒಂದು ಕೆಟ್ಟರೂ ಇನ್ನೊಂದು ಪ್ರಾಣ ಉಳಿಸುವುದು. ಇದರ ಜೊತೆಗೆ ಸೀಟಿಗೆ ಬೆಲ್ಟು, ಹಿಂದಿನವರಿಗೆ ಕಾಣುವಂಥ ದೀಪ. ಇಂದಿನ ಹೆದ್ದಾರಿಯ ವೇಗವನ್ನು 1953ರ ಶಿಲ್ಪಿಗಳು ಊಹಿಸಿರಲಿಲ್ಲ. ಮೂಲರೂಪದ ಹೆಸರಿನಲ್ಲಿ ಮಕ್ಕಳ ಜೀವವನ್ನು ಒಡ್ಡುವುದು ಭಕ್ತಿಯಲ್ಲ.

ಎರಡನೆಯದು ಇಂಧನ. 2000ದಲ್ಲಿ ಸೀಸದ ಪೆಟ್ರೋಲು ದೇಶದಿಂದ ಮರೆಯಾಯಿತು. ಆ ಸೀಸ ಜನರ ಆರೋಗ್ಯಕ್ಕೆ ಕೇಡಾದರೂ ಎಂಜಿನಿನ ವಾಲ್ವು ಕೂರುವ ಪೀಠದ ಮೇಲೆ ತೆಳುವಾದ ಮೆತ್ತೆಯಾಗಿ ನಿಲ್ಲುತ್ತಿದ್ದಿತು. ಅದಿಲ್ಲದೆ ಹಳೆಯ ಎಂಜಿನುಗಳ ಮೆದು ಪೀಠಗಳು ಬೇಗ ಸವೆಯುತ್ತವೆ. 2023ರಿಂದ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂಕುಗಳಿಗೆ ಬರತೊಡಗಿ 2025ರ ಹೊತ್ತಿಗೆ ಎಲ್ಲೆಡೆ ಹರಡಿತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ವಸ್ತು. ಹಳೆಯ ರಬ್ಬರನ್ನು ಉಬ್ಬಿಸಿ ಬಿರಿಯಿಸುವುದು ಅದರ ಗುಣ. ಆದುದರಿಂದ ಪೆಟ್ರೋಲು ಪಂಪಿನ ಪೊರೆ, ಕೊಳವೆ, ವಾಷರುಗಳನ್ನು ಎಥನಾಲ್ ತಾಳುವ ಹೊಸ ರಬ್ಬರಿಗೆ ಬದಲಿಸುವುದು ಬೆಂಕಿಯಿಂದ ರಕ್ಷಣೆ. ಇವು ಹೊರಗೆ ಕಾಣುವುವೂ ಅಲ್ಲ.

ಮೂರನೆಯ ವರ್ಗದವು ಅನುಕೂಲದ ಸುಧಾರಣೆಗಳು. ಎಂಜಿನು ನಿಧಾನವಾಗಿ ತಿರುಗುವಾಗ ಡೈನಮೋ ಸಾಕಷ್ಟು ವಿದ್ಯುತ್ತು ಕೊಡಲಾರದು. ರಾತ್ರಿ ಸಿಗ್ನಲಿನಲ್ಲಿ ನಿಂತರೆ ದೀಪ ಮಂಕಾಗುವುದು. ಆಲ್ಟರ್ನೇಟರು ಹಾಕಿದರೆ ಆ ಕೊರತೆ ನೀಗುವುದು. ಕಿಡಿ ಹಾರಿಸುವ ಕಾಂಟ್ಯಾಕ್ಟ್ ಪಾಯಿಂಟಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಅದು ಸವೆದಂತೆಲ್ಲ ಬಿಗಿಹಿಡಿದು ಸರಿಪಡಿಸುತ್ತಿರಬೇಕು. ಎಲೆಕ್ಟ್ರಾನಿಕ್ ಸಾಧನ ಆ ಕಾಟ ತಪ್ಪಿಸುವುದು. ಇವನ್ನು ಮಾಡಬಾರದೆಂದು ನಾವು ಹೇಳೆವು. ಆದರೆ ತೆಗೆದ ಡೈನಮೋವನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಬಟ್ಟೆ ಸುತ್ತಿ, ಚೀಟಿ ಅಂಟಿಸಿ ಅಟ್ಟದ ಮೇಲಿಡಬೇಕು. ಹೊಸದನ್ನು ಕೂರಿಸಲು ಹಳೆಯ ಮೈಯಲ್ಲಿ ತೂತು ಕೊರೆಯಬಾರದು. ನಾಳೆ ಮಗನೋ ಮಗಳೋ ಹಿಂದಿನಂತೆಯೇ ಇರಲೆಂದು ಬಯಸಿದರೆ, ಒಂದು ದಿನದ ಕೆಲಸದಲ್ಲಿ ಹಿಂದಕ್ಕೆ ಹೋಗುವಂತಿರಬೇಕು.

ಹಿಂದಕ್ಕೆ ಹೋಗಲಾರದ ಬದಲಾವಣೆಯೇ ನಮಗೆ ಅಂಜಿಕೆ ತರುವುದು. ಮೂಲ ಎಂಜಿನನ್ನು ಕಿತ್ತೊಗೆದು ಬೇರೆ ಗಾಡಿಯ ಎಂಜಿನನ್ನು ತುರುಕುವುದು, ಸ್ಟಿಯರಿಂಗಿನ ಕತ್ತಿನಲ್ಲಿದ್ದ ಗೇರನ್ನು ನೆಲಕ್ಕಿಳಿಸಲು ನೆಲವನ್ನೇ ಸೀಳುವುದು, ಇವೆಲ್ಲ ಮಾಡಿದ ಮೇಲೆ ಉಳಿಯುವುದು ಪದ್ಮಿನಿಯ ತೊಗಲು ಮಾತ್ರ. ಕಾನೂನೂ ಇಲ್ಲಿ ಎಚ್ಚರಿಕೆ ಕೊಡುತ್ತದೆ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲವೆಂದು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿತು. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆ ಪ್ರತ್ಯೇಕ ನಿಯಮ ಮಾಡಿತು: ಐವತ್ತು ವರ್ಷ ದಾಟಿ, ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ಗಾಡಿಗೆ ‘ವಿಂಟೇಜ್’ ಎಂಬ ಮಾನ್ಯತೆಯೂ ‘ವಿಎ’ ಅಕ್ಷರಗಳ ವಿಶೇಷ ನಂಬರೂ ದೊರೆಯುವುವು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂದರೆ 1970ರ ದಶಕದ ಮೊದಲ ವರ್ಷಗಳ ಫಿಯಟ್ಟುಗಳು ಈಗಾಗಲೇ ಈ ಗೆರೆಯನ್ನು ದಾಟಿವೆ. ಅಂಗಳದಲ್ಲಿ ಇಂದು ಆತುರದಿಂದ ಕತ್ತರಿ ಹಾಕಿದವನು ಆ ಮಾನ್ಯತೆಯ ಬಾಗಿಲನ್ನು ತಾನೇ ಮುಚ್ಚಿದಂತಾಗುವುದು.

ಗುಡಿಗಳ ವಿಷಯದಲ್ಲಿಯೂ ನಾವು ಇದನ್ನೇ ಕಂಡಿದ್ದೇವೆ. ಜೀರ್ಣೋದ್ಧಾರದ ಉತ್ಸಾಹದಲ್ಲಿ ಶಾಸನದ ಕಲ್ಲಿನ ಮೇಲೆ ಸುಣ್ಣ ಬಳಿದವರೂ ಕೆತ್ತನೆಯ ಕಂಬಕ್ಕೆ ಹೊಳೆಯುವ ಹಂಚು ಹಚ್ಚಿದವರೂ ಕೆಟ್ಟವರೇನಲ್ಲ. ಹೊಸತನದಲ್ಲಿ ಗೌರವವಿದೆಯೆಂದು ನಂಬಿದವರು. ಹಳೆಯ ಗಾಡಿಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ 1966ರಲ್ಲಿ ಸ್ಥಾಪಿತವಾದುದು. ಅದು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಸ್ಮಾರಕಗಳ ರಕ್ಷಣೆಗಾಗಿ 1964ರಲ್ಲಿ ವೆನಿಸಿನಲ್ಲಿ ರೂಪುಗೊಂಡ ಸನ್ನದನ್ನೇ ಮೇಲ್ಪಂಕ್ತಿಯಾಗಿ ಹಿಡಿದಿದೆ. ಗುಡಿಯ ನೀತಿ ಗಾಡಿಗೂ ಸಲ್ಲುವುದೆಂದು ನಾವು ಆರಂಭದಲ್ಲಿ ಆಡಿದ ಮಾತು ಹೀಗೆ ಕೇವಲ ಚಮತ್ಕಾರವಲ್ಲ.

ಕಡೆಯದಾಗಿ ಒಂದು ವಿನಂತಿ. ಈ ಗಾಡಿಗಳಿಗಿಂತ ಬೇಗ ಮರೆಯಾಗುತ್ತಿರುವುದು ಇವನ್ನು ಬಲ್ಲ ಕೈಗಳು. ಉಸ್ತಾದರ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ನಮ್ಮ ಊರಿನ ಗ್ಯಾರೇಜಿನ ಭಾಷೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಎಲ್ಲವೂ ಒಂದೇ ಎಣ್ಣೆಯಲ್ಲಿ ನೆನೆದಿವೆ. ಅದನ್ನೂ ಯಾರೂ ಬರೆದಿಟ್ಟಿಲ್ಲ. ಹಳೆಯ ಗಾಡಿಯುಳ್ಳ ವಾಚಕರು ಒಂದು ನೋಟುಬುಕ್ಕು ಇಡಲಿ. ಯಾವ ದಿನ ಯಾವ ಭಾಗವನ್ನು ಬಿಚ್ಚಿದೆವು, ಏಕೆ ಬದಲಿಸಿದೆವು, ಹಳೆಯದನ್ನು ಎಲ್ಲಿ ಇಟ್ಟೆವು, ವಯಸ್ಸಾದ ಮೇಸ್ತ್ರಿ ಏನು ಹೇಳಿದ, ಆ ಭಾಗವನ್ನು ಅವನು ಯಾವ ಹೆಸರಿನಿಂದ ಕರೆದ, ಇಷ್ಟನ್ನು ಕನ್ನಡದಲ್ಲಿ ಬರೆಯಲಿ. ಗಾಡಿ ಕೈಬದಲಾದರೆ ಕೀಲಿಕೈಯೊಡನೆ ಆ ಪುಸ್ತಕವನ್ನೂ ಕೊಡಲಿ. ಬರೆದವರು ಅದರ ಒಂದು ಪ್ರತಿಯನ್ನು ಸಂಘದ ವಾಚನಾಲಯಕ್ಕೆ ಕಳುಹಿಸಿಕೊಟ್ಟರೆ ನಾವು ಸಂತೋಷದಿಂದ ಕಾಪಾಡಿ ಇಡುತ್ತೇವೆ.