ಗರ್ಭಚೀಲದ ಒಳಪದರ: ನುಡಿ ಮತ್ತು ಕೋಶಚಕ್ರದ ಚರಿತ್ರೆ

ಬೆಳಗಾವಿ ನಗರದಿಂದ ಸುಮಾರು 25 ಕಿಲೋಮೀಟರ್ ದೂರದ ಖಾನಾಪುರದಲ್ಲಿ ಕನ್ನಡ, ಮರಾಠಿಗಳೆರಡೂ ಮನೆಮಾತುಗಳು. ಗರ್ಭಾಶಯಕ್ಕೆ ಕನ್ನಡದ ಆಡುಮಾತು ‘ಗರ್ಭಚೀಲ’, ಮರಾಠಿಯದು ‘ಪಿಶವಿ’. ಎರಡೂ ಚೀಲವೇ. ಬೇರೆ ಬೇರೆ ಭಾಷಾಕುಲದ ನುಡಿಗಳು ಒಂದೇ ರೂಪಕವನ್ನು ಹಂಚಿಕೊಂಡಿರುವುದು ಗಮನಾರ್ಹ. ಚೀಲವೆಂದ ಮೇಲೆ ಬೇಡವಾದಾಗ ತೆಗೆಸಬಹುದು. ಆದರೆ ಗರ್ಭಾಶಯದ ಕ್ಯಾನ್ಸರ್ ಬಹುಮಟ್ಟಿಗೆ ಹುಟ್ಟುವುದು ಚೀಲದ ಗೋಡೆಯಲ್ಲಲ್ಲ, ಒಳಪದರದಲ್ಲಿ. ರೂಪಕವು ಮರೆಮಾಡುವುದು ಇದನ್ನೇ.

ತಿಂಗಳು ತಿಂಗಳೂ ಬೆಳೆದು ಕಳಚುವ ಈ ಪದರದಲ್ಲಿ ಕೋಶವಿಭಜನೆ ಮತ್ತೆ ಮತ್ತೆ ನಡೆಯುತ್ತದೆ. ಕೋಶವು ಬೆಳೆದು, ತನ್ನ ಡಿಎನ್‌ಎಯನ್ನು ಇಮ್ಮಡಿಸಿ, ಎರಡಾಗುವ ಕ್ರಮವೇ ಕೋಶಚಕ್ರ. ಇದರ ಚರಿತ್ರೆಯಲ್ಲಿ 1983 ವಿಶೇಷ ವರ್ಷ. ಕಡಲ ಅರ್ಚಿನ್ ಎಂಬ ಮುಳ್ಳುಮೈಯ ಜೀವಿಯ ಮೊಟ್ಟೆಗಳಲ್ಲಿ ಏರಿಳಿಯುವ ಸೈಕ್ಲಿನ್ ಪ್ರೋಟೀನನ್ನು ಟಿಮ್ ಹಂಟ್ ಮತ್ತು ಸಂಗಡಿಗರು ಆ ವರ್ಷ ಪ್ರಕಟಿಸಿದರು. ವಿಭಜನೆಯಲ್ಲಿ ತೊಡಗಿದ ಕೋಶಗಳನ್ನು ಗುರುತಿಸುವ ಕಿ-67 ಬೆಳಕಿಗೆ ಬಂದದ್ದೂ ಆಗಲೇ. ‘ಕಿ’ ಎಂಬುದು ಜರ್ಮನಿಯ ಕೀಲ್ ನಗರದ ಗುರುತು. ಗರ್ಭಾಶಯದ ಒಳಪದರದ ಕ್ಯಾನ್ಸರಿನಲ್ಲಿ ಎರಡು ಬಗೆಗಳಿವೆಯೆಂದು ಬೋಕ್‌ಮನ್ ಪ್ರತಿಪಾದಿಸಿದ್ದೂ ಅದೇ ವರ್ಷ. ಒಬ್ಬರ ಕೆಲಸ ಇನ್ನೊಬ್ಬರದಕ್ಕೆ ಕೂಡಿಕೊಳ್ಳಲು ಕಾಲ ಬೇಕಾಯಿತು.

1979ರಲ್ಲಿ ಪತ್ತೆಯಾದ ಪಿ53 ಪ್ರೋಟೀನು ಡಿಎನ್‌ಎ ಕೆಟ್ಟಾಗ ಪಿ21ರ ಮೂಲಕ ಚಕ್ರವನ್ನು ತಡೆಯುತ್ತದೆ. ಈ ತಡೆ ಮುರಿದ ಗೆಡ್ಡೆಗಳು ಉಗ್ರವಾಗಿರುತ್ತವೆ. 2013ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯು 373 ಗೆಡ್ಡೆಗಳನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿತು. ಪಿ53 ವಿಕೃತಿ ಹೆಚ್ಚಾಗಿದ್ದ ವರ್ಗದ ಗತಿಯೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. 2023ರ ಅಂತಾರಾಷ್ಟ್ರೀಯ ಹಂತನಿರ್ಣಯದಲ್ಲಿ, ಗೋಡೆಗಿಳಿದ ಆರಂಭದ ಗೆಡ್ಡೆಯಲ್ಲಿ ಪಿ53 ಅಸಹಜವಾಗಿದ್ದರೆ ಹಂತವನ್ನೇ ಮೇಲೇರಿಸಲಾಗುತ್ತದೆ. ಬಹಳ ಚರ್ಚಿತವಾದ ಸೈಕ್ಲಿನ್ ಡಿ1, ಕಿ-67ಗಳಿಗೆ ಆ ಸ್ಥಾನ ದೊರೆತಿಲ್ಲ.

ಇದನ್ನು ಓದಲು ತೆಗೆದ ಅಂಗದ ತುಣುಕು ಫಾರ್ಮಲಿನ್‌ನಲ್ಲಿ ಉಳಿದು ಮೇಣದಲ್ಲಿ ಹುದುಗಿರಬೇಕು. 1916ರ ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜನ್ನು ತೆರೆದಂದಿನಿಂದ ರೋಗಶಾಸ್ತ್ರದ ವಿದ್ಯೆ ಈ ನಗರದ್ದೇ ಆಗಿದೆ. ತೊಡಕಿರುವುದು ಅದಕ್ಕೂ ಹಿಂದಿನ ಹೆಜ್ಜೆಯಲ್ಲಿ. ಮುಟ್ಟಿಗೆ ನಮ್ಮ ಮಾತು ‘ಹೊರಗಾಗುವುದು’. ಮುಟ್ಟು ನಿಂತ ಬಳಿಕ ಕಾಣುವ ರಕ್ತಕ್ಕೂ ಅದೇ ಮಾತು, ಅದೇ ಸಂಕೋಚ ಅಂಟಿಕೊಂಡರೆ ಪರೀಕ್ಷೆ ತಡವಾಗುತ್ತದೆ. ಈ ಕ್ಯಾನ್ಸರಿನ ಮೊದಲ ಲಕ್ಷಣ ಸಾಮಾನ್ಯವಾಗಿ ಆ ರಕ್ತವೇ, ಅದು ಹನಿಯಷ್ಟಿದ್ದರೂ. ‘ಚೀಲ ತೆಗೆಸಿದರೆ ಮುಗಿಯಿತು’ ಎಂಬ ನಂಬಿಕೆಯೂ ಅಷ್ಟೇ ಅಪಾಯದ್ದು. ಪಿ53 ಅಸಹಜವಾಗಿದ್ದ, ಅಪಾಯ ಹೆಚ್ಚಿದ್ದ ರೋಗಿಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರ ವಿಕಿರಣದೊಡನೆ ಕಿಮೋಥೆರಪಿಯೂ ಸೇರಿದಾಗ ಬದುಕುಳಿಯುವ ಪ್ರಮಾಣ ಹೆಚ್ಚಿತೆಂದು 2020ರಲ್ಲಿ ಪ್ರಕಟವಾದ ಪೋರ್ಟೆಕ್-3 ವಿಶ್ಲೇಷಣೆ ತೋರಿಸಿದೆ.