ಉಜ್ಜುಗೊರಡು: ಎಳೆ ಕೀಳದಂತೆ ಮರ ಕೀಸುವ ಬಗೆ

ಗರಗಸದಿಂದ ಸೀಳಿದ ಹಲಗೆಯನ್ನು ಸಮತಟ್ಟಾಗಿಸಿ ನುಣುಪುಗೊಳಿಸಲು ಬಡಗಿಗಳು ಬಳಸುವ ಕೈ ಉಪಕರಣವೇ ಉಜ್ಜುಗೊರಡು. ಕೀಸುಳಿ, ಹತ್ತರಿ, ತೋಪಡ ಎಂಬ ಹೆಸರುಗಳೂ ಇದಕ್ಕುಂಟು. ಮರದ ಅಥವಾ ಕಬ್ಬಿಣದ ಒಂದು ಕಟ್ಟು, ಅದರಲ್ಲಿ ಓರೆಯಾಗಿ ಕೂರಿಸಿದ ಉಕ್ಕಿನ ಅಲಗು, ಅಲಗಿನ ತುದಿ ಕೂದಲೆಳೆಯಷ್ಟು ಹೊರಗೆ ಇಣುಕುವಂತೆ ಅಡಿಯಲ್ಲೊಂದು ಸೀಳುಬಾಯಿ. ಇಷ್ಟೇ ಇದರ ರಚನೆ. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪಾಂಪೆ ನಗರದಲ್ಲಿ ದೊರೆತ ರೋಮನ್ನರ ಉಜ್ಜುಗೊರಡುಗಳನ್ನು ಕಂಡರೆ ಇಂದಿನ ಬಡಗಿಯೂ ಗುರುತು ಹಿಡಿದಾನು.

ಉಪಕರಣ ಸರಳವಾದರೂ ಕೆಲಸ ಸರಳವಲ್ಲ. ಮರವು ಎಲ್ಲ ದಿಕ್ಕಿನಲ್ಲೂ ಒಂದೇ ಬಗೆಯಾಗಿರುವ ವಸ್ತುವಲ್ಲ. ಅದು ಉದ್ದನೆಯ ಎಳೆಗಳ ಕಟ್ಟು. ಹಲಗೆಯ ಪಕ್ಕದ ಅಂಚನ್ನು ದಿಟ್ಟಿಸಿದರೆ ಎಳೆಗಳು ಒಂದು ಕಡೆಗೆ ಏರುತ್ತ ಹೋಗುವುದು ಕಾಣುತ್ತದೆ. ಅವು ಏರುವ ದಿಕ್ಕಿಗೇ ಕೀಸಬೇಕು. ಎತ್ತಿನ ಮೈಯನ್ನು ಕೂದಲು ಮಲಗಿದ ಕಡೆಗೆ ಸವರಿದಂತೆ ಆಗ ಅಲಗು ಸರಾಗವಾಗಿ ಜಾರುತ್ತದೆ. ಎದುರು ದಿಕ್ಕಿನಲ್ಲಿ ಕೀಸಿದಾಗ ಅಲಗು ಕತ್ತರಿಸುವ ಬದಲು ಬೆಣೆಯಂತೆ ವರ್ತಿಸುತ್ತದೆ. ಅಲಗಿನ ಬಾಯಿಗಿಂತ ಮುಂದೆಯೇ, ಮೇಲ್ಮೈಗಿಂತ ಕೆಳಗೆ, ಮರ ಸೀಳಿಕೊಂಡು ಹೋಗುತ್ತದೆ. ಎದ್ದ ಸುರುಳಿ ಸನ್ನೆಗೋಲಿನಂತೆ ಎಳೆಗಳನ್ನು ಮೀಟಿ ಕೊನೆಗೆ ಮುರಿಯುತ್ತದೆ. ಹಲಗೆಯ ಮೇಲೆ ಒರಟು ಕುಳಿ ಉಳಿಯುತ್ತದೆ. ಉಪ್ಪುಕಾಗದ ಎಷ್ಟು ತಿಕ್ಕಿದರೂ ಸುಲಭಕ್ಕೆ ಹೋಗದ ಈ ಕುಳಿಗಳೇ ಕೀಸುವವನ ದೊಡ್ಡ ವೈರಿ.

ನೇರ ಎಳೆಯ ಮರದಲ್ಲಿ ಹಲಗೆಯನ್ನು ತಿರುಗಿಸಿ ಇಟ್ಟರೆ ತೊಂದರೆ ತೀರಿತು. ಬೀಟೆ, ಹೊನ್ನೆ, ಹಲಸಿನಂಥ ಮರಗಳಲ್ಲಿ ಹಾಗಲ್ಲ. ಇವುಗಳಲ್ಲಿ ಎಳೆಗಳು ಒಂದು ಪಟ್ಟಿಯಲ್ಲಿ ಈಚೆಗೆ ಏರಿದರೆ ಪಕ್ಕದ ಪಟ್ಟಿಯಲ್ಲಿ ಆಚೆಗೆ ಏರುವುದುಂಟು. ಬೆಳಕಿಗೆ ಹಿಡಿದಾಗ ಬೀಟೆಯ ಹಲಗೆಯಲ್ಲಿ ಮಿನುಗುವ ಪಟ್ಟೆಗಳಿಗೆ ಕಾರಣವೂ ಇದೇ. ಯಾವ ದಿಕ್ಕಿಗೆ ಕೀಸಿದರೂ ಒಂದಲ್ಲ ಒಂದು ಪಟ್ಟಿ ಎದುರಾಗಿಯೇ ಇರುತ್ತದೆ. ಮರ ಎಷ್ಟು ಸುಂದರವೋ ಅದನ್ನು ಕೀಸುವುದು ಅಷ್ಟೇ ಕಷ್ಟ.

ಇದಕ್ಕೆ ಹಿಂದಿನವರು ಕಂಡುಕೊಂಡಿದ್ದ ಉಪಾಯಗಳು ಹಲವು. ಅಲಗನ್ನು ಚೆನ್ನಾಗಿ ಮಸೆಯುವುದು, ತೀರ ತೆಳುವಾಗಿ ಕೀಸುವುದು, ಸೀಳುಬಾಯಿಯನ್ನು ಕಿರಿದಾಗಿಸುವುದು. ಅಲಗನ್ನು ಸಾಮಾನ್ಯವಾದ 45 ಡಿಗ್ರಿಯ ಬದಲು 50 ಅಥವಾ 55 ಡಿಗ್ರಿಗೆ ನಿಲ್ಲಿಸುವುದು ಇನ್ನೊಂದು ದಾರಿ. ಇದರಲ್ಲಿ ಕುಳಿ ಕಡಿಮೆಯಾಗುತ್ತದೆ, ತೋಳಿನ ಶ್ರಮ ಹೆಚ್ಚುತ್ತದೆ. ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ 1678ರಿಂದ ಕಂತುಗಳಲ್ಲಿ ಪ್ರಕಟಿಸಿದ ಕಸುಬುಗಳ ಕೈಪಿಡಿಯಲ್ಲಿ ವರ್ಣಿತವಾದ ಉಜ್ಜುಗೊರಡುಗಳೆಲ್ಲ ಒಂಟಿ ಅಲಗಿನವು.

ಮುಂದಿನ ಶತಮಾನದಲ್ಲಿ ಬಂದದ್ದು ಜೋಡಿ ಅಲಗು. ಕತ್ತರಿಸುವ ಅಲಗಿನ ಮೇಲೆ, ಅದರ ತುದಿಗೆ ಅತಿ ಸಮೀಪದಲ್ಲಿ, ಇನ್ನೊಂದು ಮೊಂಡು ತಗಡನ್ನು ತಿರುಪಿನಿಂದ ಬಿಗಿಯುವ ವ್ಯವಸ್ಥೆಯಿದು. ಇಂಗ್ಲಿಷಿನ ಕ್ಯಾಪ್ ಐರನ್ ಎಂಬ ಹೆಸರೇ ನಮ್ಮ ತರಬೇತಿ ಕೇಂದ್ರಗಳಲ್ಲೂ ರೂಢಿಯಲ್ಲಿದೆ. 1767ರಲ್ಲಿ ಫಿಲಡೆಲ್ಫಿಯಾದ ಸಾಮ್ಯುಯೆಲ್ ಕರುದರ್ಸ್ ಎಂಬ ತಯಾರಕ ಜೋಡಿ ಅಲಗಿನ ಉಜ್ಜುಗೊರಡುಗಳಿಗೆ ಜಾಹೀರಾತು ನೀಡಿದ್ದ. ಎಳೆ ಕೀಳುವುದನ್ನು ತಡೆಯುವುದೇ ಈ ಮೇಲುತಗಡಿನ ಉದ್ದೇಶವೆಂದು ಪೀಟರ್ ನಿಕಲ್ಸನ್ 1812ರ ತನ್ನ ಪುಸ್ತಕದಲ್ಲಿ ವಿವರಿಸಿದ. ಅಮೆರಿಕದ ಲೆನಾರ್ಡ್ ಬೈಲಿ ರೂಪಿಸಿದ ಕಬ್ಬಿಣದ ಉಜ್ಜುಗೊರಡು 1869ರಲ್ಲಿ ಸ್ಟ್ಯಾನ್ಲಿ ಕಂಪನಿಯ ವಶಕ್ಕೆ ಬಂದು ಜಗತ್ತಿನ ಮೂಲೆಮೂಲೆಗೂ ಹರಡಿತು. ಅದರಲ್ಲೂ ಈ ತಗಡು ಇತ್ತು. ಇಂದು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಕಬ್ಬಿಣದ ಉಜ್ಜುಗೊರಡುಗಳು ಬಹುಪಾಲು ಅದೇ ಮಾದರಿಯವು.

ತಗಡು ಉಳಿಯಿತು, ಆದರೆ ಅದು ಇರುವುದೇಕೆ ಎಂಬ ತಿಳಿವಳಿಕೆ ಮಸುಕಾಯಿತು. ಯಂತ್ರಗಳು ಬಂದು ಕೈಕೆಲಸ ಹಿಂದೆ ಸರಿದ 20ನೇ ಶತಮಾನದಲ್ಲಿ, ತೆಳ್ಳನೆಯ ಅಲಗು ಅದುರದಂತೆ ಬಿಗಿ ಹಿಡಿಯುವುದಷ್ಟೇ ಮೇಲುತಗಡಿನ ಕೆಲಸ ಎಂದು ಹಲವು ಪುಸ್ತಕಗಳು ಬರೆದವು. ಓದಿ ಕಲಿತವರು ಅದನ್ನು ತುದಿಯಿಂದ ದೂರಕ್ಕೆ ಬಿಗಿದರು. ಎಳೆ ಕಿತ್ತಾಗ ಉಪಕರಣವನ್ನು ದೂರಿ, ದಪ್ಪ ಅಲಗಿನ, ಹೆಚ್ಚಿನ ಕೋನದ ದುಬಾರಿ ಉಜ್ಜುಗೊರಡುಗಳ ಮೊರೆ ಹೊಕ್ಕರು. ಅಪ್ಪನಿಂದ ಮಗನಿಗೆ ಕೈಯಿಂದ ಕೈಗೆ ದಾಟಿದ ಕಡೆ ಈ ಗುಟ್ಟು ಉಳಿದಿತ್ತು. ಅಚ್ಚಾದ ವಿದ್ಯೆಯಲ್ಲೇ ಅದು ತಪ್ಪಿಹೋದದ್ದು ವಿಪರ್ಯಾಸ.

ಇದನ್ನು ಮತ್ತೆ ಮುನ್ನೆಲೆಗೆ ತಂದವರು ಜಪಾನಿನ ಯಾಮಗಾತಾ ವಿಶ್ವವಿದ್ಯಾಲಯದ ಯಾಸುನೋರಿ ಕವಾಯ್ ಮತ್ತು ಚುತಾರೋ ಕಾಟೋ. ಅಲಗಿನ ತುದಿಯಲ್ಲಿ ಸುರುಳಿ ಏಳುವ ಬಗೆಯನ್ನು ಅವರು ಬಹಳ ಸಮೀಪದಿಂದ ಚಿತ್ರೀಕರಿಸಿದರು. 2012ರಲ್ಲಿ ಆ ಚಿತ್ರಿಕೆ ಅಂತರಜಾಲದ ಮೂಲಕ ಇಂಗ್ಲಿಷ್ ಬಲ್ಲ ಮರಗೆಲಸದವರ ಕಣ್ಣಿಗೆ ಬಿದ್ದಾಗ ದೊಡ್ಡ ಚರ್ಚೆಯೇ ನಡೆಯಿತು. ಮೇಲುತಗಡು ತುದಿಯಿಂದ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಹಿಂದಿದ್ದು, ಅದರ ಮೂತಿ ಕಡಿದಾಗಿದ್ದರೆ, ಏಳುವ ಸುರುಳಿ ಅದಕ್ಕೆ ಬಡಿದು ಮುಂದಕ್ಕೆ ಬಾಗುತ್ತದೆ. ಮುಂದಿರುವ ಎಳೆಗಳನ್ನು ಒತ್ತಿ ಹಿಡಿಯುತ್ತದೆ. ಸೀಳು ಮುಂದೋಡಲು ಅವಕಾಶವೇ ಉಳಿಯುವುದಿಲ್ಲ.

ಹೀಗೆ ಹೊಂದಿಸುವುದಕ್ಕೆ ತಾಳ್ಮೆ ಬೇಕೇ ಹೊರತು ಹಣವಲ್ಲ. ಮೊದಲು ಅಲಗಿನ ಬೆನ್ನನ್ನು ಸಾಣೆಕಲ್ಲಿನ ಮೇಲೆ ಸಪಾಟಾಗಿಸಬೇಕು. ಸುಮಾರು 25 ಡಿಗ್ರಿಗೆ ತೇದು, ತುದಿಯನ್ನು 30 ಡಿಗ್ರಿಗೆ ಮಸೆಯುವುದು ವಾಡಿಕೆ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಮೊನೆ ಬೇಗ ಮೊಂಡಾಗುತ್ತದೆ, ಮತ್ತೆ ಮತ್ತೆ ಮಸೆಯಬೇಕಾಗುತ್ತದೆ. ಮೇಲುತಗಡಿನ ಮೂತಿ ಅಲಗಿನ ಮೇಲೆ ಸಂದಿಲ್ಲದೆ ಕೂರಬೇಕು. ಕೂದಲೆಳೆಯಷ್ಟು ಸಂದಿದ್ದರೂ ಹೊಟ್ಟು ಅಲ್ಲಿ ಸಿಕ್ಕಿಕೊಂಡು ಬಾಯಿ ಕಟ್ಟುತ್ತದೆ. ಕೊನೆಯ ನುಣುಪಿಗೆ ತಗಡು ತುದಿಗೆ ತೀರ ಹತ್ತಿರ, ಒರಟು ಕೆಲಸಕ್ಕೆ ಅರ್ಧ ಮಿಲಿಮೀಟರ್ ಅಥವಾ ಇನ್ನೂ ಹಿಂದೆ. ಸರಿಯಾಗಿ ಕೂತಿದೆಯೆಂಬುದಕ್ಕೆ ಸುರುಳಿಯೇ ಸಾಕ್ಷಿ: ಅದು ಉಂಗುರದಂತೆ ಸುತ್ತಿಕೊಳ್ಳದೆ ಬಹುಮಟ್ಟಿಗೆ ನೆಟ್ಟಗೆ ಮೇಲೇಳುತ್ತದೆ. ಸುರುಳಿ ನೆರಿಗೆಗಟ್ಟಿ, ತಳ್ಳುವುದೇ ಕಷ್ಟವಾದರೆ ತಗಡು ಅತಿಯಾಗಿ ಮುಂದಿದೆ ಎಂದರ್ಥ.

ಒಂದೇ ಉಜ್ಜುಗೊರಡಿನಿಂದ ಎಲ್ಲವನ್ನೂ ಮಾಡಲು ಹೊರಡುವುದು ಹೊಸಬರ ಸಾಮಾನ್ಯ ತಪ್ಪು. ಏರುಪೇರು ತೆಗೆಯಲು 14 ಅಂಗುಲದ ಜ್ಯಾಕ್, ಉದ್ದನೆಯ ಅಂಚನ್ನು ನೇರವಾಗಿಸಲು 22 ಅಂಗುಲದ್ದು, ನುಣುಪಿಗೆ 9 ಅಂಗುಲದ ಆಸುಪಾಸಿನದು. ಉದ್ದನೆಯ ತಳ ತಗ್ಗುಗಳಿಗೆ ಇಳಿಯದೆ ಉಬ್ಬುಗಳನ್ನಷ್ಟೇ ತೆಗೆಯುತ್ತದೆ; ಗಿಡ್ಡ ತಳ ತಗ್ಗಿಗೂ ಇಳಿಯುತ್ತದೆ. ಕೀಸಲು ಆರಂಭಿಸುವಾಗ ಭಾರ ಮುಂಗೈ ಹಿಡಿಯ ಮೇಲಿರಬೇಕು, ಹಲಗೆಯ ಕೊನೆಗೆ ಬರುವಷ್ಟರಲ್ಲಿ ಹಿಂದಿನ ಹಿಡಿಗೆ ಸರಿದಿರಬೇಕು. ಇಲ್ಲದಿದ್ದರೆ ಹಲಗೆಯ ಎರಡೂ ತುದಿ ಸವೆದು ನಡುವೆ ಗುಬ್ಬಟೆ ಉಳಿಯುತ್ತದೆ. ಜಪಾನಿನಲ್ಲಿ ಉಜ್ಜುಗೊರಡನ್ನು ತಳ್ಳುವುದಿಲ್ಲ, ತಮ್ಮೆಡೆಗೆ ಎಳೆಯುತ್ತಾರೆ.

ಪ್ಲೈವುಡ್ ಮತ್ತು ವಿದ್ಯುತ್ ಯಂತ್ರಗಳ ನಡುವೆ ನಗರದ ಮನೆಗಳಲ್ಲಿ ಈ ಉಪಕರಣ ಹೊರಬರುವುದು ಹೆಚ್ಚಾಗಿ ಮಳೆಗಾಲದಲ್ಲಿ, ಮರದ ಬಾಗಿಲು ಚೌಕಟ್ಟಿಗೆ ಹಿಡಿದುಕೊಂಡಾಗ. ಮರವು ಗಾಳಿಯ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗುವುದು ನಗಣ್ಯ. ಆಷಾಢದಲ್ಲಿ ಸಲೀಸಾಗಿ ಮುಚ್ಚುವಂತೆ ಧಾರಾಳವಾಗಿ ಕೀಸಿದ ಬಾಗಿಲು ಮಾರ್ಚ್ ತಿಂಗಳಲ್ಲಿ ಸಂದಿ ಬಿಡುತ್ತದೆ. ಕೀಸಿದ ಮರವನ್ನು ಮರಳಿ ಅಂಟಿಸಲಾಗದು. ಬಾಗಿಲು ಎಲ್ಲಿ ತಾಗುತ್ತದೆಂದು ಸೀಮೆಸುಣ್ಣದಿಂದ ಗುರುತಿಸಿ, ಅಷ್ಟನ್ನೇ ಒಂದೆರಡು ಸುರುಳಿಯಷ್ಟು ತೆಗೆದು, ಮುಚ್ಚಿ ನೋಡಿ ಮುಂದುವರಿಯುವುದು ಕ್ಷೇಮ. ಬಾಗಿಲಿನ ತಲೆ ಅಥವಾ ಬುಡದ ಅಂಚನ್ನು ಕೀಸುವಾಗ ಎರಡೂ ಮೂಲೆಗಳಿಂದ ನಡುವಿನತ್ತ ಬರಬೇಕು. ಒಂದೇ ಓಟದಲ್ಲಿ ಹೊರಕ್ಕೆ ತಳ್ಳಿದರೆ ಕೊನೆಯ ಕಂಬಪಟ್ಟಿಯ ಅಂಚು ಸಿಬಿರೆದ್ದು ಹಾರಿಹೋಗುತ್ತದೆ. ಕೀಸಿದ ಜಾಗಕ್ಕೆ, ಮುಖ್ಯವಾಗಿ ಯಾರ ಕಣ್ಣಿಗೂ ಬೀಳದ ಬುಡದ ಅಂಚಿಗೆ, ಮರ ಒಣಗಿದ ಮೇಲೆ ಬಣ್ಣವನ್ನೋ ಪಾಲಿಶನ್ನೋ ಬಳಿಯದಿದ್ದರೆ ತೇವ ಅಲ್ಲಿಂದಲೇ ಒಳಸೇರಿ, ಮುಂದಿನ ಮಳೆಗಾಲದಲ್ಲಿ ಬಾಗಿಲು ಮತ್ತೆ ಬಿಗಿಯುತ್ತದೆ.